ಒಂದು ಗಾಳಿ, ಎರಡು ಗಾಳಿ, ಐದು ಗಾಳಿ

ಶನಿವಾರ ಸಂಜೆ ಐದು ಗಂಟೆ ಐವತ್ತೆರಡು ನಿಮಿಷ. ಕಾರಿನ ಗಡಿಯಾರ ಹಾಗೆ ತೋರಿಸುತ್ತಿತ್ತು. ಆ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಮುಂದಿಟ್ಟರೆ ನಾನು ಮನೆಯಿಂದ ಬೇಗ ಹೊರಡುತ್ತೇನೆಂಬುದು ನನ್ನ ಗಂಡನ ನಂಬಿಕೆ. ಹಾಗಾಗಿ ಸರಿಯಾದ ಸಮಯ ಐದು ನಲವತ್ತೆಂಟು. ಮೂರು ತಿಂಗಳ ಕಾಲ ರಾತ್ರಿ ಎಚ್ಚರವಾಗಿ ಅದೇ ಒಂದು ಗಳಿಗೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದವಳಿಗೆ ಆ ನಾಲ್ಕು ನಿಮಿಷವೂ ಸರಿಯಾಗಿರಬೇಕು ಅನ್ನಿಸುತ್ತದೆ.

ನವೆಂಬರ್ ತಿಂಗಳು. ಗುರುಗ್ರಾಮ ದಾಟಿ ಸೋಹ್ನಾ ಕಡೆಗೆ ಹೋಗುವ ರಸ್ತೆ. ಇವರು ಕಾರು ಓಡಿಸುತ್ತಿದ್ದರು, ಎಡಗಡೆ ನಾನು, ಹಿಂದೆ ಒಂಬತ್ತನೇ ಕ್ಲಾಸಿನ ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೂತಿದ್ದಳು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಹೊಗೆಯೂ ಮಂಜೂ ಕೂಡಿ ಹೊರಗೆಲ್ಲ ಹಾಲು ಕಡಿಮೆಯಾದ ಚಹಾದ ಬಣ್ಣ. ಎದುರಿನಿಂದ ಲಾರಿಯೊಂದು ಹೈಬೀಮ್ ಹಾಕಿಕೊಂಡು ಬರುತ್ತಿತ್ತು. ಆಗಲೇ ನಮ್ಮ ಪಕ್ಕದಲ್ಲೇ, ಮುಂದೆ, ಒಂದು ಕೆಂಪು ಬಟ್ಟೆ ಕಾಣಿಸಿತು. ಗಾಳಿಯಲ್ಲಿ ಹಾರಾಡುತ್ತಿರಲಿಲ್ಲ, ಸುಮ್ಮನೆ ತೂಗುತ್ತಿತ್ತು. ಅದರ ಹಿಂದೆ ನಿಧಾನವಾಗಿ ಟ್ರಾಕ್ಟರ್ ಟ್ರಾಲಿಯ ಆಕಾರ ಮೂಡಿತು. ಹಿಂದೆ ದೀಪವಿಲ್ಲ. ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳುಗಳು ಟ್ರಾಲಿಯಿಂದ ಆಳುದ್ದ ಹೊರಗೆ ಚಾಚಿದ್ದವು.

ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಎರಡು ಸೆಕೆಂಡೋ ಮೂರೋ. ಯಾಕೆಂದರೆ ಹದಿನಾರು ವರ್ಷದಿಂದ ನಾನು "ಮುಂದೆ ನೋಡಿ" ಅಂದಾಗಲೆಲ್ಲ ಇವರದು ಒಂದೇ ಉತ್ತರ: "ನನಗೂ ಕಣ್ಣಿದೆ." ಆ ಮಾತು ಕೇಳಿ ಕೇಳಿ ಸಾಕಾಗಿತ್ತು. ಅಷ್ಟು ದೊಡ್ಡ ಕೆಂಪು ಬಟ್ಟೆ ಇವರಿಗೂ ಕಂಡೇ ಕಂಡಿರುತ್ತದೆ ಅಂದುಕೊಂಡೆ. ಆಮೇಲೆ ನೋಡಿದರೆ ಕಾಲು ಬ್ರೇಕಿನ ಕಡೆಗೆ ಹೋಗುತ್ತಲೇ ಇಲ್ಲ.

ಕೂಗಿದೆ. ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಬ್ರೇಕು ಬಿತ್ತು, ಟೈರು ಕಿರುಚಿತು, ಕಾರು ಓರೆಯಾಗಿ ನಿಂತಿತು. ಸರಳುಗಳ ತುದಿ ನನ್ನ ಮುಖದ ಎತ್ತರದಲ್ಲಿ, ಗಾಜಿನಿಂದ ಒಂದು ಗೇಣು ಆಚೆ ಇತ್ತು. ಕೆಂಪು ಬಟ್ಟೆ ಗಾಜನ್ನು ಒಮ್ಮೆ ಸವರಿ ಹಿಂದೆ ಹೋಯಿತು. ಸರಳಿನ ಮೇಲಿನ ತಿರುಪು ಗೀರುಗಳು, ಕತ್ತರಿಸಿದ ತುದಿಯ ಹೊಳಪು, ಒಂದಕ್ಕೆ ಮೆತ್ತಿದ್ದ ಸಿಮೆಂಟು, ಇವೆಲ್ಲ ನನಗೆ ಈಗಲೂ ಗೊತ್ತು.

"ಹೊಗೆ," ಅಂದರು ಇವರು. "ಎಷ್ಟು ಹೊಗೆ ನೋಡು."

ಟ್ರಾಕ್ಟರಿನವನು ಇಳಿದು ಬಂದ. ನಡುವಯಸ್ಸಿನವನು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದ. ಜಗಳ ತೆಗೆಯುತ್ತಾನೆಂದುಕೊಂಡರೆ ಅವನು ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು ತೋರಿಸಿದ. "ಭಾಯಿಸಾಬ್, ಘರ್‌ವಾಲಿ ಕಾ ಪೂರಾ ದುಪಟ್ಟಾ ಬಾಂಧಾ ಹೈ. ಇತ್ನಾ ಬಡಾ ಲಾಲ್ ಕಪ್ಡಾ ನಹೀಂ ದಿಖಾ?" ಹೆಂಡತಿಯ ಇಡೀ ದುಪಟ್ಟಾ ಕಟ್ಟಿದ್ದೇನೆ, ಇಷ್ಟು ದೊಡ್ಡದು ಕಾಣಲಿಲ್ಲವಾ, ಅಂತ. ಇವರು ಹಿಂದೆ ಲೈಟ್ ಯಾಕಿಲ್ಲ ಎಂದು ಕೇಳಿದರು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಅವನು ಹೋದ.

ಹಿಂದಿನಿಂದ ಮಗಳು ಇಯರ್‌ಫೋನ್ ತೆಗೆದಳು. "ಕ್ಯಾ ಹುವಾ? ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ," ಅಂದರು ಇವರು. "ಚಲೋ, ಲೇಟಾಗುತ್ತೆ," ಎಂದು ಗಾಡಿ ಸ್ಟಾರ್ಟ್ ಮಾಡಿದರು. ನಾವು ನಿಜವಾಗಿಯೂ ಮುಂದಕ್ಕೆ ಹೋದೆವು. ನಾವು ಹೊರಟಿದ್ದ ಸೋಹ್ನಾದ ಗುಡ್ಡದ ಮೇಲೆ ನಿಂತು ನಕ್ಷತ್ರ ಎಣಿಸಿದೆವು.

ಈ ಎಣಿಕೆಯ ಬಗ್ಗೆ ಹೇಳಬೇಕು. ಇವರು ಓದಿದ್ದು ಇತಿಹಾಸ, ಕೆಲಸ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ. ಭೌತಶಾಸ್ತ್ರ ಓದಿದವಳು ನಾನು, ಮೈಸೂರಿನಲ್ಲಿ ಬಿ.ಎಸ್ಸಿ.; ಅದನ್ನು ಗುರುಗ್ರಾಮದ ಕಂಪನಿಯ ಫೈಲುಗಳ ಕೆಳಗೆ ಎಂದೋ ಹೂತಿಟ್ಟಿದ್ದೆ. ಐದಾರು ವರ್ಷದ ಹಿಂದೆ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ತಾರಸಿಯಲ್ಲಿ ನಿಂತಾಗ ಇವರು ಕೇಳಿದ್ದರು, "ಅದೇ ನಕ್ಷತ್ರ ನೆತ್ತಿಯ ಮೇಲಿದ್ದಾಗ ಹೊಳೆಯುತ್ತೆ, ಕೆಳಗಿಳಿದರೆ ಮಂಕಾಗುತ್ತೆ, ಯಾಕೆ?" ನಾನು ವಿವರಿಸಿದೆ. ನೆತ್ತಿಯಿಂದ ಬರುವ ಬೆಳಕು ಗಾಳಿಯ ಪದರವನ್ನು ನೇರವಾಗಿ, ಅತಿ ಗಿಡ್ಡ ದಾರಿಯಲ್ಲಿ ದಾಟುತ್ತದೆ. ಕೆಳಗಿನಿಂದ ಬರುವ ಬೆಳಕು ಅದೇ ಪದರವನ್ನು ಓರೆಯಾಗಿ, ಉದ್ದಕ್ಕೆ ಸೀಳಿಕೊಂಡು ಬರಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಮೂರು ಮುಷ್ಟಿ ಎತ್ತರದಲ್ಲಿರುವ ನಕ್ಷತ್ರಕ್ಕೆ ಗಾಳಿ ಎರಡರಷ್ಟು. ಒಂದೇ ಮುಷ್ಟಿ ಎತ್ತರದಲ್ಲಿದ್ದರೆ ಐದರ ಮೇಲೆ. ದಾರಿಯುದ್ದಕ್ಕೂ ಗಾಳಿ, ಧೂಳು, ಹೊಗೆ ಬೆಳಕನ್ನು ಚೆದುರಿಸುತ್ತವೆ, ಒಂದಿಷ್ಟನ್ನು ನುಂಗುತ್ತವೆ. ನೀಲಿಯನ್ನು ಮೊದಲು ಕಸಿಯುತ್ತವೆ, ಅದಕ್ಕೇ ಮುಳುಗುವ ನಕ್ಷತ್ರ ಹಳದಿಗೆ, ಕೆಂಪಿಗೆ ತಿರುಗುತ್ತದೆ. ದೊಡ್ಡ ದೂರದರ್ಶಕದವರೂ ನಕ್ಷತ್ರದ ನಿಜವಾದ ಹೊಳಪು ಬೇಕೆಂದರೆ ಮೊದಲು ಗಾಳಿ ತಿಂದದ್ದನ್ನು ಲೆಕ್ಕ ಹಾಕಿ ಮತ್ತೆ ಸೇರಿಸಬೇಕು.

ಅಷ್ಟು ಸಾಕಾಯಿತು. ಮಾರನೆಯ ದಿನವೇ ಎರಡು ನೋಟ್‌ಬುಕ್ ಬಂದವು. ತಿಂಗಳಿಗೊಂದು ಪಟ್ಟಿ: ನೆತ್ತಿಯ ಹತ್ತಿರದ ಆರು ನಕ್ಷತ್ರ, ಮೂರು ಮುಷ್ಟಿ ಎತ್ತರದ ಆರು, ಒಂದು ಮುಷ್ಟಿ ಎತ್ತರದ ಆರು. ಚಂದ್ರನಿಲ್ಲದ ಸಂಜೆ ಏಳೂವರೆಗೆ ಬರಿಗಣ್ಣಿಗೆ ಆರರಲ್ಲಿ ಎಷ್ಟು ಕಂಡವು ಎಂದು ಬರೆಯುವುದು. ಮನೆಯಲ್ಲಿ ಆ ಸಾಲುಗಳಿಗೆ ಒಂದು ಗಾಳಿ, ಎರಡು ಗಾಳಿ, ಐದು ಗಾಳಿ ಎಂದು ಹೆಸರಾಯಿತು.

ಆಮೇಲೆ ನಿಯಮ. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೇಳಕೂಡದು. "ನೀನು ನಾಲ್ಕು ಅಂದರೆ ನನಗೂ ನಾಲ್ಕು ಕಾಣುತ್ತೆ" ಎಂಬುದು ಇವರ ವಾದ. ವಾದ ಸರಿಯಾದದ್ದೇ, ನನ್ನ ಕಾಲೇಜಿನಲ್ಲೂ ಹಾಗೇ ಕಲಿಸಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಎರಡೂ ಪುಸ್ತಕ ಬಿಚ್ಚಿ ಹೋಲಿಸುವುದು. ಅಲ್ಲಿಯವರೆಗೆ ಇವರ ಪುಸ್ತಕ ಆಫೀಸಿನ ಫೈಲಿನಂತೆ ರಟ್ಟಿನ ಹೊದಿಕೆಯಲ್ಲಿ, ಬಿಳಿ ಲಾಡಿ ಕಟ್ಟಿಸಿಕೊಂಡು ಬೀರುವಿನಲ್ಲಿರುತ್ತದೆ. ಮೇಲೆ ಕೆಂಪು ಶಾಯಿಯಲ್ಲಿ "ಗೋಪ್ಯ." ಇದನ್ನು ನೋಡಿ ನಕ್ಕವರು ಯಾರೂ ಇದರ ಜೊತೆ ಸಂಸಾರ ಮಾಡಿದವರಲ್ಲ.

ಟ್ರಾಲಿ ಎದುರಾದ ವರ್ಷ ಒಂದು ಅಮಾವಾಸ್ಯೆ ತಪ್ಪಿತು. ದೀಪಾವಳಿಯ ಅಮಾವಾಸ್ಯೆ. ಮನೆ ತುಂಬ ನೆಂಟರು, ಹೊರಗೆ ಪಟಾಕಿ ಹೊಗೆ. "ಮುಂದಿನ ಅಮಾವಾಸ್ಯೆಗೆ ಎರಡೂ ತಿಂಗಳದ್ದು ಒಟ್ಟಿಗೆ ನೋಡೋಣ" ಅಂದೆವು. ನಾನೂ ಅಂದೆ. ಅದನ್ನು ಮರೆಮಾಚುವುದಿಲ್ಲ.

ಸರಳುಗಳ ಸಂಜೆಯ ಮಾರನೆಯ ದಿನದಿಂದ ನಾನು ಹೇಳಿದವರೆಲ್ಲ ಒಂದೇ ಮಾತು ಹೇಳಿದರು. ಪಕ್ಕದ ಮನೆಯವರು "ಪೊಲ್ಯೂಷನ್, ಏನ್ಮಾಡೋದು" ಅಂದರು. ಆಫೀಸಿನಲ್ಲಿ ಎಲ್ಲರೂ ತಮ್ಮ ತಮ್ಮ ಹೊಗೆಯ ಕಥೆ ತೆಗೆದರು, ನನ್ನ ಕಥೆ ಹತ್ತರಲ್ಲಿ ಒಂದಾಯಿತು. ಕಾರಿನ ಮೇಲೆ ಒಂದು ಗೀರಾದರೂ ಬಿದ್ದಿದ್ದರೆ ಕೈ ತೋರಿಸಿ ಹೇಳಬಹುದಿತ್ತು. ಗೀರಿಲ್ಲದ ಅಪಾಯಕ್ಕೆ ಸಾಕ್ಷಿ ಯಾರು? ಈ ಊರಿನಲ್ಲಿ ತಲೆನೋವು ಬಂದರೂ ಹೊಗೆ, ಮಗು ಗಣಿತದಲ್ಲಿ ಫೇಲಾದರೂ ಹೊಗೆ. ಇವರು ಕಣ್ಣುರಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡ್ರಾಪ್ಸ್ ಹಾಕಿಕೊಂಡು, "ನೋಡು, ಡಿಸೆಂಬರ್ ಕಳೆದರೆ ಸರಿಹೋಗುತ್ತೆ" ಎಂದರು.

ಡಿಸೆಂಬರಿನ ಕೊನೆ ದೂರವಿತ್ತು. ಮುಂದಿನ ಶನಿವಾರ ಹತ್ತಿರವಿತ್ತು. ಅಂದು ಮಗಳನ್ನೂ ಅವಳ ಮೂವರು ಗೆಳತಿಯರನ್ನೂ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಅದೇ ಗುಡ್ಡಕ್ಕೆ ಕರೆದುಕೊಂಡು ಹೋಗುವುದಾಗಿ ಇವರು ಒಪ್ಪಿಕೊಂಡಿದ್ದರು. ಕಾರಿನಲ್ಲಿ ನನಗೆ ಜಾಗವಿಲ್ಲ. ಎಡಗಡೆಯ ಸೀಟಿನಲ್ಲಿ ಮಗಳು ಕೂರುತ್ತಾಳೆ.

ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಪ್ರತಿ ಸಲ ಮೊದಲು ಬಟ್ಟೆ, ಆಮೇಲೆ ಟ್ರಾಲಿ, ಆಮೇಲೆ ಬ್ರೇಕಿಗೆ ಹೋಗದ ಆ ಕಾಲು. ಪಕ್ಕದಲ್ಲಿ ಇವರು ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿರುತ್ತಿದ್ದರು. ಅದನ್ನು ಕೇಳಿ ಬರುತ್ತಿದ್ದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಮಂಗಳವಾರ ರಾತ್ರಿ ಒಂದು ಸಾಮಾನ್ಯ ಪ್ರಶ್ನೆ ಬಂತು. ಮೂರು ದಿನದಿಂದ ಅದು ಎದುರಿಗೇ ಇತ್ತು. ನಾವಿಬ್ಬರೂ ಒಂದೇ ಗಾಜಿನ ಹಿಂದೆ ಕೂತು ಒಂದೇ ಹೊಗೆಯಲ್ಲಿ ನೋಡುತ್ತಿದ್ದೆವು. ನನಗೆ ಬಟ್ಟೆ ಕಂಡಿತ್ತು. ಹೊಗೆಯೇ ಕಾರಣವಾದರೆ ನನಗೂ ಕಾಣಬಾರದಿತ್ತು.

ಬುಧವಾರ ಇವರು ಆಫೀಸಿಗೆ ಹೊರಟ ಮೇಲೆ ಬೀರು ತೆಗೆದು ಲಾಡಿ ಬಿಚ್ಚಿದೆ. ಬೇರೆಯವರ ಪತ್ರ ಓದಿದರೂ ಅಷ್ಟು ತಪ್ಪು ಅನ್ನಿಸುತ್ತಿರಲಿಲ್ಲ.

ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟೆ. ಸೆಪ್ಟೆಂಬರಿನಲ್ಲಿ, ಮಳೆಗಾಲ ಮುಗಿದಾಗ, ಒಂದು ಗಾಳಿಯ ಸಾಲಿನಲ್ಲಿ ನನಗೆ ಐದು, ಇವರಿಗೂ ಐದು. ಅಕ್ಟೋಬರಿನಲ್ಲಿ ನನಗೆ ಐದು, ಇವರಿಗೆ ನಾಲ್ಕು. ನವೆಂಬರಿನಲ್ಲಿ ನನಗೆ ನಾಲ್ಕು, ಇವರಿಗೆ ಮೂರು. ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಬಿಡಬಹುದಿತ್ತು. ಐದು ಗಾಳಿಯ ಸಾಲಿನಲ್ಲಿ ಇಬ್ಬರದೂ ಸೊನ್ನೆಗೆ ಬಂದಿತ್ತು, ಅಲ್ಲಿ ಜಗಳವೇ ಇಲ್ಲ. ಆದರೆ ಸರಳುಗಳ ಶನಿವಾರಕ್ಕೆ ಮೂರು ದಿನ ಮುಂಚೆ, ಬುಧವಾರ, ಅಕಾಲದಲ್ಲಿ ಜೋರು ಮಳೆಯಾಗಿತ್ತು. ಆ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಡೀ ಕಾಲೊನಿ ತಾರಸಿಗೆ ಬಂದು ಉಸಿರಾಡಿತ್ತು. ನನ್ನ ಪುಸ್ತಕದಲ್ಲಿ ಆ ದಿನ: ಒಂದು ಗಾಳಿ ಆರು, ಎರಡು ಗಾಳಿ ಐದು, ಐದು ಗಾಳಿ ನಾಲ್ಕು. ಇವರ ಪುಸ್ತಕದಲ್ಲಿ: ಮೂರು, ಎರಡು, ಸೊನ್ನೆ. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಷರಾ: "ಮಳೆಯ ನಂತರವೂ ಮೇಲ್ಪದರದಲ್ಲಿ ಹೊಗೆ ಉಳಿದಿದೆ."

ಗಾಳಿ ತೊಳೆದುಹೋದರೂ ಸಂಖ್ಯೆ ಏರಿಲ್ಲ. ಕೆಳಗಿನ ನಕ್ಷತ್ರ ಮಾತ್ರವಲ್ಲ, ಅತಿ ಗಿಡ್ಡ ದಾರಿಯಲ್ಲಿ ಬರುವ ನೆತ್ತಿಯ ನಕ್ಷತ್ರವೂ ಕಾಣುತ್ತಿಲ್ಲ. ಬೆಳಕನ್ನು ತಿನ್ನುತ್ತಿರುವುದು ಆಕಾಶದಲ್ಲಿಲ್ಲ. ಅದು ಇವರು ಎತ್ತ ತಿರುಗಿದರೂ ಇವರ ಜೊತೆಗೇ ತಿರುಗುತ್ತದೆ.

ಗುರುವಾರ ಸಂಜೆ ಚಹಾ ಕೊಟ್ಟು ಎರಡೂ ಪುಸ್ತಕ ಮೇಜಿನ ಮೇಲಿಟ್ಟೆ.

"ನನ್ನ ಫೈಲ್ ತೆಗೆದೆಯಾ?"

"ತೆಗೆದೆ."

"ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇದೆ."

"ಶನಿವಾರಕ್ಕೆ ಎರಡೇ ದಿನ ಇದೆ."

ಸರಳುಗಳ ಮುಂದೆ ಕದಲದ ಮನುಷ್ಯ ಅಂದು ನಿಜವಾಗಿ ಸಿಟ್ಟಾದರು. ಐದು ವರ್ಷದ ಶಿಸ್ತು ಹಾಳಾಯಿತಂತೆ. ಈ ತಿಂಗಳ ಎಣಿಕೆ ಇನ್ನು ಯಾವುದಕ್ಕೂ ಬಾರದಂತೆ. "ಸೈನ್ಸ್ ಓದಿದವಳು ನೀನು, ನಾನು ಹೇಳಿಕೊಡಬೇಕಾ?" ಅಂದರು. ನಾನು ಮಳೆಯ ದಿನದ ಸಾಲಿನ ಕೆಳಗೆ ಬೆರಳಿಟ್ಟೆ.

"ಮೇಲ್ಪದರದ ಹೊಗೆ ಅಂತ ಬರೆದಿದ್ದೀನಲ್ಲ."

"ನನ್ನ ತಲೆ ಮೇಲೆ ಮೇಲ್ಪದರ ಇರಲಿಲ್ವಾ? ಒಂದೇ ತಾರಸಿ ಅಲ್ವಾ ಅದು?"

ಮಗಳು ಫೋನಿನಿಂದ ತಲೆ ಎತ್ತಿದಳು. "ಅಪ್ಪಾ, ಅಮ್ಮನ ಡೇಟಾ ಮಳೆಗೆ ಮೇಲೆ ಹೋಗಿದೆ, ನಿಮ್ದು ಫ್ಲ್ಯಾಟ್ ಹೈ. ಇಟ್ಸ್ ಯುವರ್ ಐಸ್, ಯಾರ್."

"ಅಪ್ಪನಿಗೆ ಫ್ರೆಂಡ್ಸಿಗೆ ಅಂದ ಹಾಗೆ ಯಾರ್ ಅನ್ನಬೇಡ," ಅಂದರು. ಆದರೆ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಕನ್ನಡಕ ತೆಗೆದರು, ಹಾಕಿದರು. ಸೆಪ್ಟೆಂಬರಿನಿಂದ ಬೆರಳಿಟ್ಟು ಓದುತ್ತ ಬಂದರು. ಚಹಾ ಆರಿಹೋಯಿತು. ನನ್ನ ಮಾತನ್ನು ನಂಬದವರು, ಟ್ರಾಕ್ಟರಿನವನ ಮಾತನ್ನು ನಂಬದವರು, ಸ್ವಂತ ಕೈಬರಹವನ್ನು ಮಾತ್ರ ನಂಬುವ ಜಾತಿ. ಕೊನೆಗೆ ಹೇಳಿದರು, "ಆಗಸ್ಟಿನಲ್ಲಿ ಕರೋಲ್ ಬಾಗ್‌ನಲ್ಲಿ ಕನ್ನಡಕದ ನಂಬರ್ ಬದಲಾಯಿಸಿದೆನಲ್ಲ. ಅಂಗಡಿಯವನು ಒಮ್ಮೆ ಡಾಕ್ಟರಿಗೆ ತೋರಿಸಿ ಅಂದಿದ್ದ."

"ನನಗೆ ಯಾಕೆ ಹೇಳಲಿಲ್ಲ?"

"ಹೊಗೆ ಕಾಲ ಕಳೀಲಿ ಅಂತ."

ಆಗಸ್ಟಿನಲ್ಲಿ ಹೊಗೆ ಎಲ್ಲಿತ್ತು ಎಂದು ಕೇಳಲು ಬಾಯಿ ತೆರೆದೆ. ಇವರು ಜೇಬಿನಿಂದ ಕಾರಿನ ಕೀ ತೆಗೆದು ನನ್ನ ಪುಸ್ತಕದ ಮೇಲೆ ಇಟ್ಟರು.

ಶುಕ್ರವಾರ ಕಣ್ಣಿನ ಡಾಕ್ಟರ್ ದೀಪ ಬಿಟ್ಟು ನೋಡಿ, ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನಲ್ಲಿ ಜಾಸ್ತಿ ಎಂದರು. ಕಣ್ಣಿನೊಳಗಿನ ಮಸೂರ ಹಳದಿಯಾಗಿ, ಮಬ್ಬಾಗಿ, ಎದುರಿನ ದೀಪದ ಬೆಳಕನ್ನು ಒಳಗೆಲ್ಲ ಚೆದುರಿಸಿಬಿಡುತ್ತದೆ. ಲಾರಿಯ ಹೈಬೀಮ್ ಬಿದ್ದಾಗ ಪಕ್ಕದಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ. ನೀಲಿಯನ್ನೇ ಮೊದಲು ತಡೆಯುತ್ತದೆ ಎಂದೂ ಹೇಳಿದರು. ಗಾಳಿ ಮಾಡುವ ಕೆಲಸವನ್ನೇ ಅದೂ ಮಾಡುತ್ತಿತ್ತು, ಇವರ ಕಣ್ಣೊಳಗೆ ಕೂತು.

"ಹೊಗೆ ಅಂದುಕೊಂಡಿದ್ದೆ," ಅಂದರು ಇವರು.

"ಇಲ್ಲಿಗೆ ಬರೋರೆಲ್ಲ ಹಾಗೇ ಅಂದುಕೊಂಡು ಬರ್ತಾರೆ," ಅಂದರು ಡಾಕ್ಟರ್, ಬರೆಯುತ್ತಲೇ. "ಗಾಡಿ ಓಡಿಸ್ತಿಲ್ಲ ತಾನೆ?"

ಕಾರಿನ ಕೀ ನನ್ನ ಚೀಲದಲ್ಲಿತ್ತು.

ಶನಿವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಗೆಳತಿಯರಿಗೆ ಏನು ಹೇಳಲಿ, ಎಷ್ಟು ಎಂಬರಾಸಿಂಗ್ ಎಂದು ಮಗಳು ಬಾಗಿಲು ಹಾಕಿಕೊಂಡಳು. ಸಂಜೆ ಐದು ನಲವತ್ತೆಂಟಕ್ಕೆ ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಬಿಡಿಸುತ್ತ ಅವಳ ಕೋಣೆಯಿಂದ ಬರುವ ಕರ್ಕಶ ಸಂಗೀತ ಕೇಳುತ್ತಿದ್ದೆ. ಅಷ್ಟು ಕೆಟ್ಟ ಸಂಗೀತವನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಜನವರಿಯ ಒಂದು ಸಂಜೆ ತಾರಸಿಯಲ್ಲಿ ಇವರು ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ, ಆಗ್ನೇಯದ ಲುಬ್ಧಕ ನಕ್ಷತ್ರವನ್ನು ಬಹಳ ಹೊತ್ತು ನೋಡಿದರು. "ಈ ಕಣ್ಣಿಗೆ ಹಳೇ ಪೇಪರ್ ಬಣ್ಣ. ಈ ಕಣ್ಣಿಗೆ ಬಿಳಿ, ಒಂಚೂರು ನೀಲಿ," ಅಂದರು. ಮತ್ತೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ತೆರೆದು, "ಒಂದು ಕಣ್ಣಿಗೆ ಎರಡು ಗಾಳಿ, ಇನ್ನೊಂದಕ್ಕೆ ಐದು." ಆಮೇಲೆ ತಪ್ಪೊಪ್ಪಿಗೆಯಂತೆ, "ಅವನು ಪೂರಾ ದುಪಟ್ಟಾ ಕಟ್ಟಿದ್ದ ಅಲ್ವಾ?" ಅಂದರು. ಆ ಸಂಜೆಯ ಬಗ್ಗೆ ಇವರಾಗಿ ತೆಗೆದ ಮೊದಲ ಮಾತು ಅದು. ಮೂರು ಗಂಟೆಯ ಎಚ್ಚರ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಕಣ್ಣು ಇವರದು ಸರಿಹೋಗುತ್ತಿತ್ತು. ನೋಡಿಯೂ ಸುಮ್ಮನಿದ್ದ ಆ ಎರಡು ಸೆಕೆಂಡು ನನ್ನದು.

ನನ್ನ ಬಳಿ ಲೈಸೆನ್ಸ್ ಇತ್ತು, ಅಭ್ಯಾಸ ಇರಲಿಲ್ಲ. ಚಳಿಗಾಲವಿಡೀ ಭಾನುವಾರದ ಬೆಳಿಗ್ಗೆ ಚಾಣಕ್ಯಪುರಿಯ ಅಗಲ ರಸ್ತೆಗಳಲ್ಲಿ ಕಾರು ಓಡಿಸಿ ಕಲಿತೆ. ಎಡಗಡೆ ಕೂತು ಇವರು ಕ್ಲಚ್ಚಿನ ಬಗ್ಗೆ ಉಪನ್ಯಾಸ ಕೊಟ್ಟರು. ಎರಡು ಸಲ ನಡುರಸ್ತೆಯಲ್ಲಿ ಇಳಿದು ನಡೆದುಬಿಡೋಣ ಅನ್ನಿಸಿತು, ಒಂದು ಸಲ ಇಳಿದೆ ಕೂಡ. ಫೆಬ್ರವರಿಯಲ್ಲಿ ಎಡಗಣ್ಣಿನದೂ ಮುಗಿಯಿತು. ಕಡೆಯ ವಾರದ ಒಂದು ಶನಿವಾರ ಸೋಹ್ನಾ ಕಡೆ ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಇವರು ಎಡಗಡೆ, ಮಗಳು ಹಿಂದೆ. ಕಾರಿನ ಗಡಿಯಾರದ ನಾಲ್ಕು ನಿಮಿಷವನ್ನು ಹೊರಡುವ ಮೊದಲೇ ತೆಗೆದುಹಾಕಿದೆ. ಇವರು ನೋಡುತ್ತಲೇ ಸೀಟ್‌ಬೆಲ್ಟ್ ಹಾಕಿಕೊಂಡರು.

ಸೂರ್ಯ ಮುಳುಗಿ ಬೆಳಕು ಇನ್ನೂ ಇತ್ತು. ಆ ರಸ್ತೆಯಲ್ಲಿ ಸರಳಿನ ಟ್ರಾಲಿ ಸಿಗದ ದಿನವಿಲ್ಲ. ಅಂದೂ ಒಂದು ಸಿಕ್ಕಿತು. ಬಹಳ ದೂರವಿತ್ತು. ನಾನಾಗಲೇ ವೇಗ ಇಳಿಸಿದ್ದೆ.

"ಮುಂದೆ ಟ್ರಾಲಿ," ಅಂದರು ಇವರು.

"ನನಗೂ ಕಣ್ಣಿದೆ."

"ಗೊತ್ತು. ಆದ್ರೂ ಹೇಳ್ತೀನಿ. ನೀನೂ ಹೇಳು, ಇನ್ಮೇಲೆ."

ಹಿಂದಿನಿಂದ ಮಗಳು, "ಬಸ್ ಕರೋ, ಸಾಕು ಮಾಡಿ ಇಬ್ರೂ. ನನಗೂ ಕಾಣ್ತಿದೆ," ಅಂದಳು. ಇಯರ್‌ಫೋನ್ ಹಾಕಿಕೊಂಡಿರಲಿಲ್ಲ.

ಟ್ರಾಲಿಯನ್ನು ದಾಟುವಾಗ ಬಟ್ಟೆ ನೋಡಿದೆ. ಕೆಂಪು ಸಿಮೆಂಟ್ ಚೀಲದ ಒಂದು ತುಂಡು ಅಷ್ಟೆ. ಗುಡ್ಡದ ಮೇಲೆ ಎಣಿಸಿದೆವು, ಸಂಖ್ಯೆ ಯಾರೂ ಯಾರಿಗೂ ಹೇಳಲಿಲ್ಲ, ಮನೆಗೆ ಬಂದು ಮೊಸರನ್ನ ತಿಂದು ಮಲಗಿದೆವು. ಕಣ್ಣು ಬಿಟ್ಟಾಗ ಪರದೆಯ ಮೇಲೆ ಬಿಸಿಲಿತ್ತು. ಅಡುಗೆಮನೆಯಲ್ಲಿ ಇವರು ಹಾಲು ಉಕ್ಕಿಸಿ ಒಲೆಯನ್ನು ಬೈಯುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಏಳು ಇಪ್ಪತ್ತು. ಅದನ್ನು ಯಾರೂ ಮುಂದಿಟ್ಟಿಲ್ಲ. ಭಾನುವಾರ.